ಕ್ರಾಕೋವ್ ಕಾಲ್ನಡಿಗೆ: ಕಜಿಮಿಯೆಷ್‌ನಲ್ಲೇ ನಿಲ್ಲಬೇಡಿ, ಹೊಳೆ ದಾಟಿ

ಕಾಲ್ನಡಿಗೆ_ಕಿಟ್ಟಿ:
ಎಲ್ಲರಿಗೂ ನಮಸ್ಕಾರ. ಹೋದ ಅಕ್ಟೋಬರ್‌ನಲ್ಲಿ ಪೋಲೆಂಡಿನ ಕ್ರಾಕೋವ್‌ಗೆ ಹೋಗಿ ಬಂದೆವು. ಅಲ್ಲಿಯವರ ಬಾಯಲ್ಲಿ ಅದು ‘ಕ್ರಾಕುಫ್’. ಇಬ್ಬರು ಮೂವರು ಮೆಸೇಜ್ ಮಾಡಿ ವಿವರ ಕೇಳಿದ್ದರು. ಎಲ್ಲ ಒಂದೇ ಕಡೆ ಇರಲಿ ಅಂತ ಈ ಎಳೆ ಶುರು ಮಾಡಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಮೊದಲು ನಾವು ಮಾಡಿದ ತಪ್ಪು. ಹೋದ ದಿನ ಸಂಜೆ ಚಳಿ ಜಾಸ್ತಿ ಇತ್ತು, ಹೆಂಡತಿಗೆ ಕಾಲು ನೋವು. ಚೌಕದಲ್ಲಿ ನಿಂತಿದ್ದ ಬ್ಯಾಟರಿ ಗಾಡಿ ಹತ್ತಿದೆವು. ಗಾಲ್ಫ್ ಮೈದಾನದಲ್ಲಿ ಓಡಾಡುತ್ತವಲ್ಲ, ಅಂಥದ್ದು. ಚಾಲಕ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು, ಸ್ಪೀಕರ್‌ನಲ್ಲಿ ರೆಕಾರ್ಡ್ ಮಾಡಿದ ಇಂಗ್ಲಿಷ್ ದನಿ ಹಾಕಿದ. ಎಡಕ್ಕೆ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಬಲಕ್ಕೆ ಸಿನಗಾಗ್, ಮುಂದೆ ಘೆಟ್ಟೋ ಗೋಡೆ (ಯುದ್ಧಕಾಲದಲ್ಲಿ ಜರ್ಮನ್ನರು ಯಹೂದಿಗಳನ್ನು ಕೂಡಿಹಾಕಿದ್ದ ಜಾಗದ ಗೋಡೆ). ಗಾಡಿ ಮುಂದೆ, ದನಿ ಹಿಂದೆ. ಗೋಡೆ ಅಂದಾಗ ನಮ್ಮ ಎದುರಿಗೆ ಬಸ್ ನಿಲ್ದಾಣ ಇತ್ತು. ಒಂದು ಗಂಟೆಯಲ್ಲಿ ಎಲ್ಲ ‘ನೋಡಿ’ ಇಳಿದೆವು. ತಲೆಯಲ್ಲಿ ಉಳಿದದ್ದು ಪರದೆ ಮೇಲೆ ಹರಿಯುತ್ತಿದ್ದ ಮಳೆನೀರು ಮಾತ್ರ.

ಮಾರನೇ ದಿನ ನಡೆದೆವು. ಅದರ ಕಥೆ ಇದು.

ಶುರುವಾಗೋದು ಹಳೇ ಊರಿನ ದೊಡ್ಡ ಚೌಕದಿಂದ, ರಿನೆಕ್ ಗ್ವುವ್ನಿ. 1257ರಲ್ಲಿ ಅಳೆದು ಹಾಕಿದ ಚೌಕ. ಒಂದೊಂದು ಬದಿಯೂ ಸುಮಾರು 200 ಮೀಟರ್. ನಡುವೆ ಬಟ್ಟೆ ವ್ಯಾಪಾರಿಗಳ ಉದ್ದನೆ ಕಟ್ಟಡ ಸುಕ್ಯೆನ್ನಿತ್ಸೆ, ಮೂಲೆಯಲ್ಲಿ ಸೇಂಟ್ ಮೇರಿ ಚರ್ಚು. ಅದರ ಎರಡು ಗೋಪುರಗಳು ಒಂದೇ ಎತ್ತರ ಇಲ್ಲ. ಎತ್ತರದ್ದರಿಂದ ಗಂಟೆಗೊಮ್ಮೆ ತುತ್ತೂರಿ ಊದುತ್ತಾರೆ. ನಾಲ್ಕು ದಿಕ್ಕಿಗೆ ನಾಲ್ಕು ಸಲ. ಪ್ರತಿ ಸಲವೂ ರಾಗ ನಡುವೆಯೇ ಟಕ್ ಅಂತ ನಿಲ್ಲುತ್ತೆ. ಮಂಗೋಲರ ದಾಳಿ ಕಂಡು ಊದುತ್ತಿದ್ದವನ ಗಂಟಲಿಗೆ ಬಾಣ ತಾಗಿತಂತೆ, ಅದಕ್ಕೇ ಹಾಗೆ ಅಂತ ದಂತಕಥೆ. ಈಗ ಊದುವವರು ಅಗ್ನಿಶಾಮಕ ದಳದವರು. ಮುಗಿಸಿದ ಮೇಲೆ ಕಿಟಕಿಯಿಂದ ಕೈ ಬೀಸುತ್ತಾರೆ. ನಮ್ಮವಳು ಕಾಲು ನೋವು ಮರೆತು ಎರಡೂ ಕೈ ಎತ್ತಿ ಬೀಸಿದಳು.

ವಾವೆಲ್ ಕೋಟೆ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ. ಮಕ್ಕಳಿದ್ದರೆ ಕೆಳಗೆ ನದಿ ದಡದಲ್ಲಿರುವ ಬೆಂಕಿ ಉಗುಳುವ ಡ್ರ್ಯಾಗನ್ ತೋರಿಸಿ, ಸಾಕು.

ಕೋಟೆಯಿಂದ ಕಾಲು ಗಂಟೆ ನಡೆದರೆ ಕಜಿಮಿಯೆಷ್, ಯಹೂದಿಗಳ ಕೇರಿ. ನಡುವೆ ಟ್ರಾಮ್ ಓಡುವ ಅಗಲವಾದ ದಿತ್ಲಾ ರಸ್ತೆ ಸಿಗುತ್ತೆ. ಅದು ಹಿಂದೆ ವಿಸ್ವಾ ನದಿಯ ಕವಲು ಅಂತೆ, 19ನೇ ಶತಮಾನದಲ್ಲಿ ಮುಚ್ಚಿದರು. ಅಂದರೆ ನಾವು ರಸ್ತೆ ದಾಟಿದ ಜಾಗದಲ್ಲಿ ಆಗಿನವರು ನದಿ ದಾಟಿ ಬೇರೆ ಊರಿಗೇ ಹೋಗುತ್ತಿದ್ದರು.

ಅಲ್ಲಿ ಶೆರೊಕಾ ಅನ್ನೋ ಬೀದಿ. ಬೀದಿಗಿಂತ ಉದ್ದನೆ ಅಂಗಳ ಅನ್ನಬಹುದು. ಒಂದು ತುದಿಯಲ್ಲಿ ಹಳೇ ಸಿನಗಾಗ್, ಪೋಲೆಂಡಿನಲ್ಲಿ ಉಳಿದಿರುವ ಸಿನಗಾಗ್‌ಗಳಲ್ಲೇ ಹಳೆಯದು, ಈಗ ಮ್ಯೂಸಿಯಂ. ಪಕ್ಕದ ಸಾಲಿನಲ್ಲಿ ರೆಮು ಸಿನಗಾಗ್, ಅದರ ಹಿಂದೆ ಸ್ಮಶಾನ. ಅಲ್ಲಿನ ಒಂದು ಗೋಡೆಯನ್ನು ಪೂರ್ತಿ ಒಡೆದ ಗೋರಿಕಲ್ಲುಗಳಿಂದಲೇ ಕಟ್ಟಿದ್ದಾರೆ. ಒಂದು ಚೂರಿನಲ್ಲಿ ಅರ್ಧ ಸಿಂಹ, ಇನ್ನೊಂದರಲ್ಲಿ ಎರಡು ಅಂಗೈ, ಮತ್ತೊಂದರಲ್ಲಿ ಹೆಸರಿನ ಕೊನೆಯ ಮೂರು ಅಕ್ಷರ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಸ್ಮಶಾನವನ್ನು ಕಸದ ಗುಂಡಿ ಮಾಡಿದ್ದರು. ಯುದ್ಧ ಮುಗಿದ ಮೇಲೆ ಸಿಕ್ಕ ಚೂರುಗಳನ್ನು ಹೀಗೆ ಸೇರಿಸಿದರು.

ಅಲ್ಲಿಂದ ಜನ ಊಟಕ್ಕೆ ಹೋಗಿಬಿಡುತ್ತಾರೆ. ನಾವೂ ಹಾಗೇ ಮಾಡುವವರಿದ್ದೆವು. ಗೈಡ್ ಹುಡುಗಿ ಬಿಡಲಿಲ್ಲ. ‘ಇಲ್ಲಿ ಅವರು ಬಾಳಿದ್ದು ನೋಡಿದಿರಿ. ಅವರನ್ನು ಎಲ್ಲಿಗೆ ಅಟ್ಟಿದರು ಅಂತ ನೋಡಬೇಕಾದರೆ ಹೊಳೆ ದಾಟಬೇಕು’ ಅಂದಳು. ನಾನು ಹೇಳೋದೂ ಅದೇ. ಇರೋದು ಅರ್ಧ ದಿನವಾದರೆ ವಾವೆಲ್ ಬಿಡಿ, ಹೊಳೆ ದಾಟೋದನ್ನು ಬಿಡಬೇಡಿ. ಉಳಿದದ್ದು ಆಮೇಲೆ ಬರೀತೀನಿ, ಬೆರಳು ನೋಯ್ತಿದೆ.

ಉಪ್ಪಿನಕಾಯಿ_ಜಾಡಿ:
ಚೆನ್ನಾಗಿದೆ. ಆದರೆ ವಾವೆಲ್ ಬಿಡಿ ಅಂದರೆ ಹೇಗೆ ಸ್ವಾಮಿ? ಅಷ್ಟು ದೂರ ಹೋಗಿ ರಾಜರ ಅರಮನೆ ನೋಡದೆ ಬರೋದಾ? 🙂

ಕಾಲ್ನಡಿಗೆ_ಕಿಟ್ಟಿ:
ಅರಮನೆ ಯಾವ ಊರಲ್ಲೂ ಸಿಗುತ್ತೆ ಬಿಡಿ.

ವಿಸ್ವಾ_ದಂಡೆ:
ನಾನು ಕ್ರಾಕೋವ್‌ನಲ್ಲೇ ಐದು ವರ್ಷದಿಂದ ಇದ್ದೇನೆ, ಐಟಿ ಕೆಲಸ. ಊರಿಂದ ಬಂದವರನ್ನೆಲ್ಲ ಇದೇ ದಾರಿಯಲ್ಲಿ ಸುತ್ತಿಸಿ ಸುತ್ತಿಸಿ ಕಲ್ಲುಗಳೆಲ್ಲ ಪರಿಚಯ ಆಗಿವೆ. ಒಂದೆರಡು ವಿಷಯ ಸೇರಿಸುತ್ತೇನೆ.

ಕಜಿಮಿಯೆಷ್ ಅಂದರೆ ಮೊದಲಿಂದ ಯಹೂದಿ ಕೇರಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. 1335ರಲ್ಲಿ ರಾಜ ಮೂರನೇ ಕಜಿಮಿಯೆಷ್ ತನ್ನ ಹೆಸರಲ್ಲಿ ಕಟ್ಟಿಸಿದ ಹೊಸ ಊರು ಅದು. ದೊಡ್ಡ ಚರ್ಚು, ತನ್ನದೇ ಮಾರುಕಟ್ಟೆ ಚೌಕ, ತನ್ನದೇ ಪುರಭವನ ಎಲ್ಲ ಇತ್ತು. ಆ ಚೌಕ ಈಗಿನ ಪ್ಲಾತ್ಸ್ ವೊಲ್ನಿತ್ಸಾ. ಪುರಭವನ ಈಗ ಜನಪದ ಮ್ಯೂಸಿಯಂ.

ಯಹೂದಿಗಳು ಆಗ ಇದ್ದದ್ದು ಕ್ರಾಕೋವ್ ಒಳಗೇ, ಈಗ ವಿಶ್ವವಿದ್ಯಾಲಯ ಇರುವ ಕಡೆ. ಇವತ್ತು ಸೇಂಟ್ ಆ್ಯನ್ ಬೀದಿ ಅನ್ನೋದನ್ನು ಹಿಂದೆ ಯಹೂದಿ ಬೀದಿ ಅಂತಲೇ ಕರೆಯುತ್ತಿದ್ದರು. 1495ರಲ್ಲಿ ರಾಜ ಯಾನ್ ಒಲ್ಬ್ರಾಖ್ಟ್ ಅವರನ್ನು ಅಲ್ಲಿಂದ ಎಬ್ಬಿಸಿ ಕಜಿಮಿಯೆಷ್‌ಗೆ ಕಳಿಸಿದ. ಅಲ್ಲಿ ಊರಿನ ಒಂದು ಭಾಗಕ್ಕೆ ಗೋಡೆ ಹಾಕಿ ಯಹೂದಿ ಪಟ್ಟಣ ಆಯಿತು. ಹಾಗಾಗಿ ಹಳೇ ಊರಿನಿಂದ ಕಜಿಮಿಯೆಷ್‌ಗೆ ನಾವು ನಡೆಯುವ ಕಾಲು ಗಂಟೆ ಇದೆಯಲ್ಲ, ಅದು ಅವರ ಮೊದಲನೇ ಗಂಟುಮೂಟೆಯ ದಾರಿ. ಕಿಟ್ಟಿಯವರು ಹೇಳುವ ಹೊಳೆ ಎರಡನೆಯದು.

ಆಮೇಲೆ ನಾಲ್ಕೂವರೆ ಶತಮಾನ ಅಲ್ಲೇ ಬೇರು ಬಿಟ್ಟರು. ಯುದ್ಧಕ್ಕೆ ಮೊದಲು ಕ್ರಾಕೋವ್‌ನಲ್ಲಿ ಯಹೂದಿಗಳು 60,000ಕ್ಕೂ ಮೇಲೆ. ಊರಿನ ನಾಲ್ವರಲ್ಲಿ ಒಬ್ಬರು ಅನ್ನಿ. ಎಲ್ಲರೂ ಕಜಿಮಿಯೆಷ್‌ನಲ್ಲೇ ಇರಲಿಲ್ಲ, ಡಾಕ್ಟರು ವಕೀಲರು ಬೇರೆ ಬಡಾವಣೆಗಳಲ್ಲೂ ಇದ್ದರು.

ಧಾರವಾಡ_ಪೇಡೆ:
ನಾ ಎರಡು ವರ್ಷದ ಹಿಂದ ಹೋಗಿದ್ದೆ. ಖರೇ ಹೇಳ್ತೀನಿ, ಕಜಿಮಿಯೆಷ್ ನನಗ ಸಿನಿಮಾ ಸೆಟ್ ಹಾಕಿದಂಗ ಕಾಣಿಸ್ತು. ಶೆರೊಕಾ ತುಂಬ ಹೋಟೆಲ್. ಬೋರ್ಡ್ ಮೇಲೆ ಹೀಬ್ರೂ ಅಕ್ಷರದಂಗ ಬಳಕಿಸಿದ ಅಕ್ಷರ, ಒಳಗ ಮೇಣದಬತ್ತಿ, ಮೂಲ್ಯಾಗ ಪಿಟೀಲು. ಮಾಲೀಕರು ಯಹೂದಿಗಳಾ ಅಂತ ಕೇಳಿದರ ಅಲ್ಲ ಅಂದರು. ಅಡುಗೆ ಮಾಡೋರೂ ಅಲ್ಲ, ತಿನ್ನೋರೂ ಅಲ್ಲ. ಊರಿನ ಜನ ಹೋದರು, ಅವರ ಹೆಸರಿನ ಮ್ಯಾಲೆ ಸೂಪು ಮಾರ್ತಾರ. ಬ್ಯಾಟರಿ ಗಾಡಿಯವರಂತೂ ಸಂತ್ಯಾಗ ಕೂಗಿದಂಗ ಘೆಟ್ಟೋ, ಕ್ಯಾಂಪು ಅಂತ ಕೂಗ್ತಿದ್ದರು. ನನಗ ಅಸಹ್ಯ ಆತು.

ಉಪ್ಪಿನಕಾಯಿ_ಜಾಡಿ:
ಹಂಗಾದರೆ ಏನು ಮಾಡಬೇಕಿತ್ತು? ಬೀಗ ಹಾಕಿ ಹಾಳು ಬಿಡಬೇಕಿತ್ತಾ?

ವಿಸ್ವಾ_ದಂಡೆ:
ಪೇಡೆಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಮೊದಲ ವರ್ಷ ನನಗೂ ಹಾಗೇ ಅನ್ನಿಸಿತ್ತು. ಆದರೆ ಯುದ್ಧದ ನಂತರ ಇದು ನಿಜಕ್ಕೂ ಹಾಳು ಬಿದ್ದಿತ್ತು. ಗಾರೆ ಉದುರಿದ ಮನೆ, ರಾತ್ರಿ ಯಾರೂ ಕಾಲಿಡದ ಬೀದಿ. 1988ರಲ್ಲಿ ಯಹೂದಿ ಸಂಸ್ಕೃತಿ ಉತ್ಸವ ಶುರುವಾಯಿತು. ಶುರು ಮಾಡಿದವರು ಯಹೂದಿಗಳಲ್ಲದ ಪೋಲಿಷ್ ಹುಡುಗರೇ. ಆಮೇಲೆ 1993ರಲ್ಲಿ ಬಂದ ಪ್ರಸಿದ್ಧ ಹಾಲಿವುಡ್ ಸಿನಿಮಾ ‘ಶಿಂಡ್ಲರ್ಸ್ ಲಿಸ್ಟ್’ ಇಲ್ಲೇ ಚಿತ್ರೀಕರಣ ಆಯಿತು, ಪ್ರವಾಸಿಗಳು ಬರತೊಡಗಿದರು.

ಒಂದು ತಮಾಷೆ ಕೇಳಿ. ಆ ಸಿನಿಮಾದ ಘೆಟ್ಟೋ ದೃಶ್ಯಗಳನ್ನು ತೆಗೆದದ್ದು ಕಜಿಮಿಯೆಷ್‌ನಲ್ಲಿ. ನಿಜವಾದ ಘೆಟ್ಟೋ ಇದ್ದದ್ದು ಹೊಳೆಯಾಚೆ ಪೊದ್‌ಗುಝೆಯಲ್ಲಿ. ಜನ ಇಲ್ಲಿನ ಹಳೇ ಮೆಟ್ಟಿಲ ಹತ್ತಿರ ಫೋಟೋ ತೆಗೆಸಿಕೊಂಡು ‘ಘೆಟ್ಟೋ ನೋಡಿದೆವು’ ಅಂತ ವಾಪಸ್ ಹೋಗುತ್ತಾರೆ. ಪೇಡೆಯವರಿಗೆ ಸೆಟ್ ಅನ್ನಿಸಿದ್ದು ಪೂರ್ತಿ ತಪ್ಪಲ್ಲ ನೋಡಿ, ಸ್ವಲ್ಪ ದಿನ ಅದು ಸೆಟ್ಟೇ ಆಗಿತ್ತು!

ಆದರೆ ಯಹೂದಿಗಳೇ ಇಲ್ಲ ಅನ್ನೋದೂ ಸರಿಯಲ್ಲ. ಸಂಖ್ಯೆ ಸಣ್ಣದು, ನಿಜ. 2008ರಲ್ಲಿ ಮಿಯೊದೊವಾ ಬೀದಿಯಲ್ಲಿ ಯಹೂದಿ ಸಮುದಾಯ ಕೇಂದ್ರ ತೆರೆಯಿತು. ದೊಡ್ಡವರಾದ ಮೇಲೆ ‘ನಮ್ಮಜ್ಜಿ ಯಹೂದಿ’ ಅಂತ ಗೊತ್ತಾಗಿ ಅಲ್ಲಿಗೆ ಬರುವವರಿದ್ದಾರೆ. ರೆಮುವಿನಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತೆ.

ಮಲೆನಾಡ್_ಮಳೆ:
ತಪ್ಪೊಪ್ಪಿಗೆ. ನಾನು ಸುಕ್ಯೆನ್ನಿತ್ಸೆ ಅಂಗಡಿಯಲ್ಲಿ ಒಂದು ಮರದ ಗೊಂಬೆ ತಂದಿದ್ದೆ. ಗಡ್ಡದ ಮುದುಕ, ಕೈಯಲ್ಲಿ ನಾಣ್ಯ. ‘ಅದೃಷ್ಟದ ಗೊಂಬೆ, ದುಡ್ಡು ಬರುತ್ತೆ’ ಅಂದರು. ಟಿವಿ ಪಕ್ಕ ಇಟ್ಟಿದ್ದೆ. ಆಫೀಸಿನಲ್ಲಿ ಜತೆ ಕೆಲಸ ಮಾಡೋ ಒಬ್ಬರು ವಿಡಿಯೋ ಕಾಲ್‌ನಲ್ಲಿ ಹಿಂದೆ ಅದನ್ನು ನೋಡಿ ಮುಖ ಸಣ್ಣ ಮಾಡಿಕೊಂಡರು. ಆಮೇಲೆ ಗೊತ್ತಾಯಿತು, ಅವರು ಯಹೂದಿ. ಅವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಅದರಲ್ಲಿ ಅಂಥದ್ದೇನಿದೆ?

ವಿಸ್ವಾ_ದಂಡೆ:
ಯಹೂದಿ ಅಂದರೆ ದುಡ್ಡು ಎಣಿಸುವವನು ಅನ್ನೋ ಹಳೇ ಮೂದಲಿಕೆ ಅದು, ಗೊಂಬೆ ರೂಪದಲ್ಲಿ. ಚಿತ್ರವಾಗಿಯೂ ಮಾರುತ್ತಾರೆ. ಬಾಗಿಲ ಹತ್ತಿರ ತೂಗುಹಾಕಿ, ಶನಿವಾರ ತಲೆಕೆಳಗು ಮಾಡಿದರೆ ಅವನು ಕೂಡಿಟ್ಟ ದುಡ್ಡು ಮನೆಯೊಳಗೆ ಉದುರುತ್ತೆ ಅಂತ ನಂಬಿಕೆ. ಇಲ್ಲಿನ ಎಷ್ಟೋ ಜನ ‘ಇದರಲ್ಲಿ ದ್ವೇಷ ಇಲ್ಲ, ಶುಭ ಅಂತ ಇಡ್ತೀವಿ’ ಅನ್ನುತ್ತಾರೆ, ಅವರ ಮಟ್ಟಿಗೆ ನಿಜವೂ ಇರಬಹುದು. ಆದರೆ ಇಡೀ ಕೇರಿಯೇ ಖಾಲಿಯಾದ ಊರಲ್ಲಿ ಅವರ ಗೊಂಬೆಯಿಂದ ದುಡ್ಡು ಉದುರಿಸಿಕೊಳ್ಳೋದು ಹೇಗೆ ಕಾಣುತ್ತೆ ಅಂತ ಯೋಚನೆ ಮಾಡಿ. ತೆಗೆದಿಡಿ.

ಮಲೆನಾಡ್_ಮಳೆ:
ಅವತ್ತೇ ತೆಗೆದೆ. ಅಟ್ಟದ ಮೇಲಿದೆ. ಎಸೆಯೋದಕ್ಕೂ ಯಾಕೋ ಮನಸ್ಸು ಬರುತ್ತಿಲ್ಲ, ಇಡೋದಕ್ಕೂ ಇಲ್ಲ.

ಕಾಲ್ನಡಿಗೆ_ಕಿಟ್ಟಿ:
ಹೊಳೆಯಾಚೆಯ ಭಾಗ ಬರೆಯುತ್ತೇನೆ.

ಕಜಿಮಿಯೆಷ್‌ನಿಂದ ಪೊದ್‌ಗುಝೆಗೆ ಒಂದು ಕಾಲುಸೇತುವೆ ಇದೆ, 2010ರಲ್ಲಿ ಕಟ್ಟಿದ್ದು. ಕಂಬಿ ತುಂಬ ಪ್ರೇಮಿಗಳ ಬೀಗ. ಮೇಲೆ ತಂತಿಯಲ್ಲಿ ತೂಗುವ ದೊಂಬರಾಟದವರ ಶಿಲ್ಪಗಳು. ಸೆಲ್ಫಿ ಗದ್ದಲ. ದಾಟುವಾಗ ಖುಷಿಯಾಗಿಯೇ ಇದ್ದೆವು. ಗೈಡ್ ನಡುವೆ ನಿಲ್ಲಿಸಿ ಹೇಳಿದಳು: 1941ರ ಮಾರ್ಚ್‌ನಲ್ಲಿ ಈ ಹೊಳೆ ದಾಟಿಯೇ ಯಹೂದಿಗಳು ತಮ್ಮ ಸಾಮಾನು ಹೊತ್ತು ಘೆಟ್ಟೋಗೆ ಹೋದದ್ದು. ಮೂರು ಸಾವಿರ ಜನ ಇದ್ದ ಜಾಗಕ್ಕೆ ಸುಮಾರು 15,000 ಜನ. ಸುತ್ತ ಗೋಡೆ ಕಟ್ಟಿದರು. ಗೋಡೆಯ ತಲೆಯನ್ನು ಕಮಾನು ಕಮಾನಾಗಿ ಮಾಡಿದರು, ಸಾಲಾಗಿ ಗೋರಿಕಲ್ಲು ನಿಲ್ಲಿಸಿದ ಹಾಗೆ. ಲ್ವೊವ್ಸ್ಕಾ ಬೀದಿಯಲ್ಲಿ ಒಂದು ತುಂಡು ಈಗಲೂ ಇದೆ. ಹಿಂದಿನ ದಿನ ಗಾಡಿಯಲ್ಲಿ ‘ನೋಡಿದ’ ಗೋಡೆ ಅದೇ! ಈ ಸಲ ಕೈ ಇಟ್ಟು ನೋಡಿದೆ. ಆ ಗೋಡೆಗೆ ಎದುರಾಗಿರುವ ಮನೆಗಳಲ್ಲಿ ಜನ ಬಟ್ಟೆ ಒಣಗಿ ಹಾಕಿದ್ದರು.

ಆಮೇಲೆ ಕುರ್ಚಿಗಳ ಚೌಕ, ಪ್ಲಾತ್ಸ್ ಬೊಹಾತೆರುಫ್ ಗೆತ್ತಾ, ಅಂದರೆ ಘೆಟ್ಟೋ ವೀರರ ಚೌಕ. ಬಯಲಲ್ಲಿ ಆಳೆತ್ತರಕ್ಕೆ ಸ್ವಲ್ಪ ಕಡಿಮೆ ಇರುವ ಲೋಹದ ಕುರ್ಚಿಗಳು, ದೂರ ದೂರ, ಸಾಲು ಸಾಲು. ಬೇರೇನೂ ಇಲ್ಲ. 2005ರಲ್ಲಿ ಇಟ್ಟದ್ದು. ಜನರನ್ನು ಇಲ್ಲಿ ಸೇರಿಸಿ ಸಾಗಿಸುತ್ತಿದ್ದರು. 1943ರ ಮಾರ್ಚ್ 13 ಮತ್ತು 14ರಂದು ಘೆಟ್ಟೋವನ್ನೇ ಬರಿದು ಮಾಡಿದಾಗ ಮನೆಗಳಿಂದ ಎಸೆದ ಮೇಜು ಕುರ್ಚಿ ಇಲ್ಲಿ ರಾಶಿ ಬಿದ್ದಿತ್ತಂತೆ. ಅಂಚಿನಲ್ಲಿ ಸಣ್ಣ ಕುರ್ಚಿಗಳೂ ಇವೆ, ಟ್ರಾಮ್ ನಿಲ್ದಾಣದ ಪಕ್ಕ. ಒಬ್ಬ ಮುದುಕ ಅಂಥ ಕುರ್ಚಿ ಮೇಲೆ ಕೂತು, ಎಲೆಕೋಸಿನ ಚೀಲ ತೊಡೆ ಮೇಲಿಟ್ಟುಕೊಂಡು ಟ್ರಾಮ್‌ಗೆ ಕಾಯುತ್ತಿದ್ದ. ಕೂರಬಹುದಾ ಅಂತ ಗೈಡ್‌ನ ಕೇಳಿದೆ. ಕೂರಲಿ ಅಂತಲೇ ಇಟ್ಟಿದ್ದಾರೆ ಅಂದಳು. ನನಗೆ ಮಾತ್ರ ಕೂರಲು ಆಗಲಿಲ್ಲ.

ಚೌಕದ ಮೂಲೆಯಲ್ಲಿ ಹದ್ದಿನ ಗುರುತಿನ ಔಷಧಿ ಅಂಗಡಿ. ತದೇವುಷ್ ಪಾಂಕ್ಯೇವಿಚ್ ಅನ್ನುವ ಪೋಲಿಷ್ ಕ್ರೈಸ್ತ ನಡೆಸುತ್ತಿದ್ದ. ಘೆಟ್ಟೋ ಆದಾಗ ಅಂಗಡಿ ಬೇರೆ ಕಡೆ ಹಾಕಬಹುದಿತ್ತು, ಹೋಗಲಿಲ್ಲ. ಔಷಧಿ, ಸುದ್ದಿ, ಬಚ್ಚಿಡಲು ಜಾಗ ಎಲ್ಲ ಅಲ್ಲೇ. ಈಗ ಪುಟ್ಟ ಮ್ಯೂಸಿಯಂ. ಅಲ್ಲಿ ಡ್ರಾಯರ್‌ಗಳನ್ನು ನಾವೇ ಎಳೆದು ನೋಡಬಹುದು. ಲಿಪೋವಾ ಬೀದಿಯಲ್ಲಿ ಶಿಂಡ್ಲರ್ ಕಾರ್ಖಾನೆ ಇದೆ, ತನ್ನ ಯಹೂದಿ ಕೆಲಸಗಾರರನ್ನು ಉಳಿಸಿದ ಆ ಸಿನಿಮಾದ ಜರ್ಮನ್‌ನದು, ಅದೂ ಈಗ ಮ್ಯೂಸಿಯಂ. ಅದಕ್ಕಿಂತ ಇದೇ ನನಗೆ ಹಿಡಿಸಿತು. ಅಲ್ಲಿ ನೂಕುನುಗ್ಗಲು.

ಉಪ್ಪಿನಕಾಯಿ_ಜಾಡಿ:
ಇಲ್ಲಿಂದ ಎಲ್ಲರನ್ನೂ ಆಶ್ವಿಟ್ಸ್‌ಗೆ, ಜರ್ಮನ್ನರ ಆ ಸಾವಿನ ಕ್ಯಾಂಪಿಗೆ, ಕಳಿಸಿದ್ದಲ್ವಾ? ಅದು ಹತ್ತಿರದಲ್ಲೇ ಇದೆಯಲ್ಲ.

ವಿಸ್ವಾ_ದಂಡೆ:
ಹತ್ತಿರ ಹೌದು, ಸುಮಾರು 70 ಕಿಲೋಮೀಟರ್. ಆದರೆ 1942ರ ಜೂನ್ ಮತ್ತು ಅಕ್ಟೋಬರ್‌ನಲ್ಲಿ ಕ್ರಾಕೋವ್ ಘೆಟ್ಟೋದಿಂದ ಸಾವಿರಾರು ಜನರನ್ನು ರೈಲು ತುಂಬಿಸಿ ಕಳಿಸಿದ್ದು ಬೆವ್‌ಜೆತ್ಸ್ ಅನ್ನುವ ಕ್ಯಾಂಪಿಗೆ. ಅದು ಪೂರ್ವದಲ್ಲಿ ತುಂಬ ದೂರ. ಅಲ್ಲಿಂದ ಬದುಕಿ ಬಂದವರು ಬೆರಳೆಣಿಕೆಯಷ್ಟು. ಅದಕ್ಕೇ ಅದರ ಹೆಸರು ಯಾರ ಬಾಯಲ್ಲೂ ಇಲ್ಲ. 1943ರ ಮಾರ್ಚ್‌ನಲ್ಲಿ ಕೆಲಸಕ್ಕೆ ಆಗುವವರನ್ನು ಪಕ್ಕದ ಪ್ವಾಶುಫ್ ಕ್ಯಾಂಪಿಗೆ ಅಟ್ಟಿದರು. ಅದನ್ನು ಕಟ್ಟಿದ್ದೇ ಯಹೂದಿಗಳ ಎರಡು ಸ್ಮಶಾನಗಳ ಮೇಲೆ. ಉಳಿದವರಲ್ಲಿ ತುಂಬ ಜನರನ್ನು ಬೀದಿಯಲ್ಲೇ ಕೊಂದರು, ಮಿಕ್ಕವರು ಆಶ್ವಿಟ್ಸ್‌ಗೆ.

ಮತ್ತೆ ದಯವಿಟ್ಟು ಬೆಳಗ್ಗೆ ಆಶ್ವಿಟ್ಸ್, ಸಂಜೆ ಕಜಿಮಿಯೆಷ್ ಅಂತ ಒಂದೇ ದಿನಕ್ಕೆ ತುರುಕಬೇಡಿ. ಬಂದವರೆಲ್ಲ ಇದೇ ಮಾಡುತ್ತಾರೆ, ರಾತ್ರಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಮಾತೇ ಆಡಲ್ಲ.

ಹಳೇಪೇಟೆ_ಮಾವ:
ಈ ಎಳೆ ನೋಡಿ ಒಂದು ಹೆಸರು ನೆನಪಾಯಿತು. ಮೌರಿಸ್ ಫ್ರಿಡ್‌ಮನ್. ವಾರ್ಸಾದ ಯಹೂದಿ, ಎಂಜಿನಿಯರ್. 1930ರ ದಶಕದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಕರೆದರು ಅಂತ ಬೆಂಗಳೂರಿಗೆ ಬಂದು ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಿದವರು. ಆಮೇಲೆ ಕಾವಿ ತೊಟ್ಟು ಭಾರತಾನಂದ ಆದರು, ಗಾಂಧಿಯವರ ಹತ್ತಿರ ಹೋಗಿ ಚರಕ ಸುಧಾರಿಸಿದರು. ಕ್ರಾಕೋವ್‌ಗೆ ನೇರ ಸಂಬಂಧ ಇಲ್ಲ, ಸುಮ್ನೆ ಹೇಳಿದೆ. ಅವರು ಪೋಲೆಂಡಿನಲ್ಲೇ ಉಳಿದಿದ್ದರೆ ಏನಾಗುತ್ತಿತ್ತೋ.

ಧಾರವಾಡ_ಪೇಡೆ:
ಇದು ಗೊತ್ತೇ ಇರಲಿಲ್ಲ ಮಾವ.

ಬೆಣ್ಣೆಮುರುಕು:
ಎಲ್ಲ ಸರಿ, ಅಲ್ಲಿ ಸಸ್ಯಾಹಾರಿಗಳು ಏನು ತಿನ್ನೋದು? ಅಪ್ಪ ಅಮ್ಮನ್ನ ಕರೆದುಕೊಂಡು ಹೋಗ್ತಿದ್ದೀನಿ. ಅಮ್ಮ ಮೊಟ್ಟೆ ವಾಸನೆಗೂ ಎದ್ದು ಹೋಗ್ತಾರೆ.

ವಿಸ್ವಾ_ದಂಡೆ:
ಬೀದಿ ಗಾಡಿಗಳಲ್ಲಿ ಒಬ್ವಝಾನೆಕ್ ಸಿಗುತ್ತೆ. ಹೆಣೆದ ಬಳೆಯಂಥ ಬ್ರೆಡ್ಡು. ಉಪ್ಪು, ಎಳ್ಳು, ಇಲ್ಲ ಗಸಗಸೆ ಹಾಕಿರುತ್ತಾರೆ. ಬೆಳಗ್ಗೆ ತಗೊಳ್ಳಿ, ಸಂಜೆಗೆ ಹಗ್ಗ ಆಗಿರುತ್ತೆ. ಕಜಿಮಿಯೆಷ್‌ನ ಪ್ಲಾತ್ಸ್ ನೋವಿಯಲ್ಲಿ ದುಂಡನೆ ಕಟ್ಟಡದ ಕಿಂಡಿಗಳಲ್ಲಿ ಝಪ್ಯೆಕಾಂಕಾ ಮಾರುತ್ತಾರೆ. ಮೊಳದುದ್ದ ಬ್ರೆಡ್ಡಿನ ಮೇಲೆ ಅಣಬೆ, ಚೀಸ್. ಅದೇ ಕಟ್ಟಡದಲ್ಲಿ ಯುದ್ಧಕ್ಕೆ ಮೊದಲು ಯಹೂದಿಗಳು ಶಾಸ್ತ್ರದ ಪ್ರಕಾರ ಕೋಳಿ ಕೊಯ್ಯುತ್ತಿದ್ದರು. ಅಮ್ಮನಿಗೆ ಇದನ್ನು ತಿಂದಾದ ಮೇಲೆ ಹೇಳಿ.

ಪಿಯೆರೋಗಿ ಅಂದರೆ ನಮ್ಮ ಕಡುಬಿನ ದೂರದ ನೆಂಟ. ‘ರುಸ್ಕ್ಯೆ’ ಕೇಳಿ, ಒಳಗೆ ಆಲೂಗಡ್ಡೆ, ಗಿಣ್ಣದಂಥ ಚೀಸ್. ಆದರೆ ಹುಷಾರು: ಮೇಲೆ ಹಂದಿ ಕೊಬ್ಬಿನ ಹುರಿದ ಚೂರು ಉದುರಿಸಿಬಿಡುತ್ತಾರೆ. ಮೊದಲೇ ‘ಬೆಸ್ ಸ್ಕ್ವಾರೆಕ್’ ಅಂತ ಹೇಳಿ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತಲೂ ಕೇಳಬೇಕು.

ಇನ್ನೊಂದು. ಟಾಯ್ಲೆಟ್ ಬಾಗಿಲಲ್ಲಿ ವೃತ್ತ ಇದ್ದರೆ ಹೆಂಗಸರದು, ತ್ರಿಕೋನ ಇದ್ದರೆ ಗಂಡಸರದು. ಅಪ್ಪನಿಗೆ ಮೊದಲೇ ಹೇಳಿಟ್ಟಿರಿ.

ಬೆಣ್ಣೆಮುರುಕು:
😄 ಇದು ಬಹಳ ಉಪಯೋಗ. ನಾವು ಅಲ್ಲಿರೋದು ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗ್ಗೆವರೆಗೆ. ಯಾವ ದಿನ ಯಾವುದು?

ವಿಸ್ವಾ_ದಂಡೆ:
ಶನಿವಾರ ಯಹೂದಿಗಳ ಸಬ್ಬತ್, ರೆಮು ಸಿನಗಾಗ್, ಸ್ಮಶಾನ ಎರಡೂ ಮುಚ್ಚಿರುತ್ತವೆ. ಶನಿವಾರ ಹಳೇ ಊರು, ವಾವೆಲ್. ಭಾನುವಾರ ಕಜಿಮಿಯೆಷ್, ಹೊಳೆಯಾಚೆ. ಅಪ್ಪನಿಗೆ ಒಂದು ಟೋಪಿ ಇರಲಿ, ಗಂಡಸರು ತಲೆ ಮುಚ್ಚಬೇಕು. ಶಿಂಡ್ಲರ್ ಕಾರ್ಖಾನೆಗೆ ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಯೂರೋ ನಡೆಯಲ್ಲ, ಅಲ್ಲಿ ಝ್ವೊತಿ. ‘ಉಚಿತ’ ಅನ್ನುವ ವಾಕಿಂಗ್ ಟೂರ್‌ಗಳಲ್ಲಿ ಕೊನೆಗೆ ಗೈಡ್‌ಗೆ ದುಡ್ಡು ಕೊಡೋದು ವಾಡಿಕೆ, ಮಧ್ಯದಲ್ಲಿ ಜಾರಿಕೊಳ್ಳಬೇಡಿ.

ಕಜಿಮಿಯೆಷ್‌ನಲ್ಲಿ ಒಂದು ಕೆಲಸ ಮಾಡಿ. ಹಳೇ ಮನೆಗಳ ಬಾಗಿಲಿಗೆ ಒಳಗೆ ಹೋಗುವಾಗ ಬಲಗಡೆ ಬರುವ ನಿಲುವು ನೋಡಿ, ಭುಜದೆತ್ತರದಲ್ಲಿ. ಕೆಲವು ಕಡೆ ಓರೆಯಾಗಿ ಒಂದು ಗುಳಿ, ಎರಡು ಮೊಳೆ ತೂತು ಕಾಣುತ್ತೆ. ಅಲ್ಲಿ ಮೆಝುಝಾ ಇತ್ತು. ದೇವರ ವಾಕ್ಯ ಬರೆದ ತೊಗಲಿನ ಸುರುಳಿ ಇಡುವ ಸಣ್ಣ ಕರಂಡಕ ಅದು. ಓರೆ ಯಾಕೆ ಅಂದರೆ, ನೆಟ್ಟಗಿರಬೇಕು ಅಂತ ಒಬ್ಬ ಪಂಡಿತ, ಅಡ್ಡ ಇರಬೇಕು ಅಂತ ಇನ್ನೊಬ್ಬ. ಇಬ್ಬರ ಮಾತೂ ಉಳಿಯಲಿ ಅಂತ ಓರೆ ಮಾಡಿದರು. ಹಾಗೆ ಓರೆಯಾಗಿಡಿ ಅಂತ ಬರೆದವರಲ್ಲಿ ಒಬ್ಬರು ರಬ್ಬಿ ಮೋಶೆ ಇಸ್ಸೆರ್ಲೆಸ್. ರೆಮು ಅನ್ನೋದು ಅವರ ಹೆಸರೇ. ತೀರಿಕೊಂಡದ್ದು 1572ರಲ್ಲಿ, ಗೋರಿ ಅದೇ ಸ್ಮಶಾನದಲ್ಲಿದೆ. ಅವರ ಮಾತಿನಂತೆ ಹೊಡೆದ ಮೊಳೆಯ ತೂತು ಅವರ ಗೋರಿಯಿಂದ ಐದು ನಿಮಿಷದ ದೂರದಲ್ಲಿ ಸಿಗುತ್ತೆ.

ಧಾರವಾಡ_ಪೇಡೆ:
ಸೆಟ್ ಅಂದೆನಲ್ಲ, ಈ ತೂತು ನಾ ನೋಡಲೇ ಇಲ್ಲ. ಬೋರ್ಡೇ ನೋಡ್ಕೋತ ಹೋದೆ.

ಬೆಣ್ಣೆಮುರುಕು:
ನಿನ್ನೆ ಬಂದೆವು. ಒಂದು ಸಿಕ್ಕಿತು! ಯೂಝೆಫಾ ಬೀದಿ ಹತ್ತಿರ, ಹಸಿರು ಬಣ್ಣ ಪದರ ಪದರ ಬಳಿದ ಬಾಗಿಲು. ಗುಳಿಯೊಳಗೂ ಹಸಿರೇ. ಪಕ್ಕದಲ್ಲೇ ಈಗ ಕರೆಗಂಟೆ ಇದೆ. ಅಪ್ಪ ಟಾರ್ಚ್ ಹಾಕಿ ನೋಡ್ತಿದ್ದಾಗ ಬಾಗಿಲು ತೆಗೆದು ಒಬ್ಬ ಅಜ್ಜಿ ಬಂದರು, ಕೈಯಲ್ಲಿ ಕಸದ ಚೀಲ. ನಾವು ಗಾಬರಿ. ಅಪ್ಪ ಗುಳಿ ತೋರಿಸಿದರು. ಅಜ್ಜಿ ನೋಡಿದರು, ತಲೆ ಆಡಿಸಿದರು, ಏನೋ ಉದ್ದಕ್ಕೆ ಪೋಲಿಷ್‌ನಲ್ಲಿ ಹೇಳಿದರು. ಒಂದಕ್ಷರವೂ ತಿಳಿಯಲಿಲ್ಲ. ವಿಸ್ವಾ_ದಂಡೆಯವರೇ, ಕೊನೆಯಲ್ಲಿ ‘ಝಾವ್ಶೆ ತು ಬಿವೊ’ ಅಂತ ಕೇಳಿಸಿತು. ಹಾಗಂದರೆ ಏನು?

ವಿಸ್ವಾ_ದಂಡೆ:
‘ಅದು ಯಾವಾಗಲೂ ಇಲ್ಲೇ ಇತ್ತು’ ಅಂತ.